ಕವರ್ ಹಾಡಿನ ಬಾಲ ಹಿಡಿದು

1999ರಲ್ಲಿ, ಪಿಯುಸಿ ಓದುವಾಗ, ಅಮೆರಿಕದ ಹೆವಿ ಮೆಟಲ್ ಬ್ಯಾಂಡು ಮೆಟಾಲಿಕಾದ 'ಗ್ಯಾರೇಜ್ ಇಂಕ್.' ಕ್ಯಾಸೆಟ್ಟನ್ನು ಟೇಪು ಸವೆಯುವಷ್ಟು ಕೇಳಿದ್ದೆ. ಪೂರ್ತಿ ಕವರ್ ಹಾಡುಗಳೇ, ಅಂದರೆ ಬೇರೆಯವರ ಹಾಡನ್ನು ತಾವು ಹಾಡಿದ್ದೇ ಇರುವ ಆಲ್ಬಮ್ ಅದು. ಅದರಲ್ಲಿ 'ಬ್ರೆಡ್‌ಫ್ಯಾನ್' ಮತ್ತು 'ಕ್ರ್ಯಾಶ್ ಕೋರ್ಸ್ ಇನ್ ಬ್ರೇನ್ ಸರ್ಜರಿ' ಬಂದಾಗ ಮಾತ್ರ ನಾನೂ ಗೆಳೆಯನೂ ಮಾತು ನಿಲ್ಲಿಸುತ್ತಿದ್ದೆವು. "ಇವೆರಡೂ ಬಡ್ಜಿ ಅಂತ ಯಾವುದೋ ಬ್ಯಾಂಡಿನವು ಮಗಾ" ಅಂದ ಅವನು. ನಮ್ಮ ಕಡೆ ಪಂಜರದಲ್ಲಿಟ್ಟು 'ಲವ್ ಬರ್ಡ್ಸ್' ಅಂತ ಮಾರುತ್ತಾರಲ್ಲ, ಆ ಪುಟಾಣಿ ಗಿಣಿಯ ಇಂಗ್ಲಿಷ್ ಹೆಸರೇ ಬಡ್ಜಿ. ಗಿಟಾರಿನಲ್ಲಿ ಮತ್ತೆ ಮತ್ತೆ ಬರುವ ತುಣುಕಿದೆಯಲ್ಲ, ರಿಫ್, ಅದನ್ನು ಇಷ್ಟು ಭಾರವಾಗಿ ಬಾರಿಸುವವರಿಗೆ ಈ ಹೆಸರಾ ಅಂತ ನಕ್ಕು ಮರೆತೆವು.

ಹದಿನಾಲ್ಕು ವರ್ಷದ ಮೇಲೆ ಕೆಲಸಕ್ಕೆ ಅಂತ ವೇಲ್ಸಿನ ರಾಜಧಾನಿ ಕಾರ್ಡಿಫ್‌ಗೆ ಬಂದೆ. ಇಲ್ಲಿನ ಮಾರ್ಗನ್ ಆರ್ಕೇಡಿನಲ್ಲಿ ಸ್ಪಿಲ್ಲರ್ಸ್ ಅನ್ನೋ ರೆಕಾರ್ಡ್ ಅಂಗಡಿ ಇದೆ. 1894ರಲ್ಲಿ ಶುರುವಾದದ್ದು, ಪ್ರಪಂಚದಲ್ಲೇ ಹಳೆಯದು ಅಂತ ಹೆಸರು. ಒಂದು ಶನಿವಾರ ಮಳೆಗೆ ಹೆದರಿ ಒಳಗೆ ಹೊಕ್ಕೆ. ಸುಮ್ಮನೆ ನಿಲ್ಲೋದು ಹೇಗೆ ಅಂತ "ಬಡ್ಜಿ ಇದೆಯಾ?" ಅಂದೆ. ಪಕ್ಕದಲ್ಲಿ ರೆಕಾರ್ಡ್ ಹುಡುಕುತ್ತಿದ್ದ ನೆರೆಗೂದಲಿನವರೊಬ್ಬರು ತಲೆಯೆತ್ತಿ, ಅವರು ಈ ಊರಿನವರೇ ಅಂದರು. ಬಾಸ್ ಬಾರಿಸುತ್ತಾ ಹಾಡುವ ಬರ್ಕ್ ಶೆಲ್ಲಿ, ಗಿಟಾರಿಗೆ ಟೋನಿ ಬೂರ್ಜ್, ಡ್ರಮ್ಸಿಗೆ ರೇ ಫಿಲಿಪ್ಸ್. ಮೂರೇ ಜನ, 1967ರಲ್ಲಿ ಇದೇ ಕಾರ್ಡಿಫ್‌ನಲ್ಲಿ ಕಟ್ಟಿದ ಬ್ಯಾಂಡು. ನನ್ನ ಹುಚ್ಚು ಶುರುವಾಗಿದ್ದು ಅಲ್ಲಿಂದ.

ವೇಲ್ಸಿನ ಹಳೇ ರಾಕ್ ಸಂಗ್ರಹಿಸಬೇಕು ಅಂದರೆ ಎಲ್ಲರೂ 'ಕೇಳಲೇಬೇಕಾದ ನೂರು ಆಲ್ಬಮ್' ಥರದ ಪಟ್ಟಿ ಹಿಡಿಯುತ್ತಾರೆ. ನಾನೂ ಹಿಡಿದೆ, ಆರು ತಿಂಗಳಲ್ಲಿ ಬೇಜಾರಾಯಿತು. ಪಟ್ಟಿಯಲ್ಲಿರುವುದನ್ನು ತಂದು ಕಪಾಟಿನಲ್ಲಿಟ್ಟು ಟಿಕ್ ಹಾಕುವುದು ರೇಷನ್ ತಂದ ಹಾಗೆ. ಆಮೇಲೆ ನೋಡಿದರೆ ನನಗೆ ನಿಜವಾಗಿ ಹಿಡಿಸಿದ್ದೆಲ್ಲಾ ಯಾವುದೋ ಕವರ್ ಹಾಡಿನ ಬಾಲ ಹಿಡಿದು ಹಿಂದಕ್ಕೆ ಹೋದಾಗ ಸಿಕ್ಕಿದ್ದು. ಅದನ್ನೇ ಪದ್ಧತಿ ಮಾಡಿಕೊಂಡೆ: ಒಂದು ಹಾಡು ಇಷ್ಟವಾದರೆ ಅದು ಯಾರದ್ದು ಅಂತ ನೋಡು, ಅವರ ಮೂಲ ಪ್ಲೇಟು ಹುಡುಕು, ಅದರ ಹಿಂದೆ ಯಾರಿದ್ದಾರೆ ನೋಡು.

'ಬ್ರೆಡ್‌ಫ್ಯಾನ್' ಹಿಡಿದು ಹೋದರೆ 1973ರ 'ನೆವರ್ ಟರ್ನ್ ಯುವರ್ ಬ್ಯಾಕ್ ಆನ್ ಎ ಫ್ರೆಂಡ್' ಸಿಕ್ಕಿತು. ಹೊದಿಕೆಯ ಚಿತ್ರ ರೋಜರ್ ಡೀನ್ ಅವರದ್ದು. ಅಲ್ಲಿಂದ ಹಿಂದಕ್ಕೆ 1971ರ ಮೊದಲ ಆಲ್ಬಮ್. ಅದರ ನಿರ್ಮಾಪಕ ರಾಜರ್ ಬೇನ್, ಬ್ಲ್ಯಾಕ್ ಸಬಾತ್ ಬ್ಯಾಂಡಿನ ಮೊದಲ ಆಲ್ಬಮ್‌ಗಳನ್ನು ಮಾಡಿದ್ದೂ ಅವರೇ. ಧ್ವನಿಮುದ್ರಣ ಆಗಿದ್ದು ಮಾನ್ಮತ್ ಹತ್ತಿರದ ರಾಕ್‌ಫೀಲ್ಡ್‌ನಲ್ಲಿ. ಕಿಂಗ್ಸ್‌ಲಿ ಮತ್ತು ಚಾರ್ಲ್ಸ್ ವಾರ್ಡ್ ಅನ್ನೋ ಅಣ್ಣತಮ್ಮಂದಿರು ತಮ್ಮ ಹಸು ಸಾಕಣೆಯ ತೋಟದ ಮನೆಯನ್ನೇ ಸ್ಟುಡಿಯೊ ಮಾಡಿದ್ದ ಜಾಗ ಅದು. ಬ್ಯಾಂಡಿನವರು ಅಲ್ಲೇ ಉಂಡು, ಮಲಗಿ, ರೆಕಾರ್ಡ್ ಮಾಡಬಹುದಿತ್ತು. ಮೆಟಾಲಿಕಾ ಕೇಳಿದ ಕಿವಿಗೆ ಮೂಲ 'ಬ್ರೆಡ್‌ಫ್ಯಾನ್' ಮೊದಮೊದಲು ತೆಳುವಾಗಿ ಕೇಳಿಸಿತು. ಹತ್ತು ಸಲ ಕೇಳಿದ ಮೇಲೆ ಗೊತ್ತಾಯಿತು, ಆ ತೆಳುವಿನಲ್ಲೇ ಅದರ ಓಟ ಇರೋದು. ಮಧ್ಯೆ ನಿಧಾನವಾಗುವ ಭಾಗದಲ್ಲಿ ಶೆಲ್ಲಿಯವರ ಏರುದನಿ ಒಂಟಿಯಾಗಿ ನಿಲ್ಲುತ್ತದೆ. ಆ ಜಾಗಕ್ಕೆ ಕವರ್ ಮುಟ್ಟೋದೇ ಇಲ್ಲ ಅಂತ ನನ್ನ ಅಭಿಪ್ರಾಯ. ಜಗಳಕ್ಕೆ ಬರುವವರು ಬರಬಹುದು.

ಇನ್ನೊಂದು ಬಾಲ ಎಲ್ಲರಿಗೂ ಗೊತ್ತಿರುವ 'ವಿದೌಟ್ ಯೂ'. 1994ರಲ್ಲಿ ಮರಾಯ ಕ್ಯಾರಿ ಹಾಡಿದ್ದು ನಮ್ಮ ಕಡೆಯ ಆರ್ಕೆಸ್ಟ್ರಾಗಳವರೆಗೂ ಬಂದಿತ್ತು. ಅದಕ್ಕೂ ಮೊದಲು ಹ್ಯಾರಿ ನಿಲ್ಸನ್ ಹಾಡಿದ್ದು. ಅದಕ್ಕೂ ಹಿಂದೆ 1970ರ 'ನೋ ಡೈಸ್' ಆಲ್ಬಮ್ಮಿನಲ್ಲಿ ಬ್ಯಾಡ್‌ಫಿಂಗರ್. ಸ್ವಾನ್‌ಸೀಯಲ್ಲಿ 'ದಿ ಐವೀಸ್' ಅಂತ ಶುರುವಾಗಿ ಬೀಟಲ್ಸ್‌ನವರ ಆ್ಯಪಲ್ ರೆಕಾರ್ಡ್ ಕಂಪನಿಗೆ ಸೇರಿದ ಬ್ಯಾಂಡು ಇದು. ಹಾಡು ಬರೆದವರು ಪೀಟ್ ಹ್ಯಾಮ್ ಮತ್ತು ಟಾಮ್ ಇವಾನ್ಸ್. ಮೂಲದಲ್ಲಿ ಅದು ಎದೆ ಬಡಿದುಕೊಳ್ಳುವ ಹಾಡೇ ಅಲ್ಲ, ದೊಡ್ಡ ಸದ್ದಿಲ್ಲದೆ ಹೇಳಿ ಮುಗಿಸುತ್ತಾರೆ. ದುಡ್ಡಿನ ವಿಷಯದಲ್ಲಿ ಮೋಸಹೋಗಿ ಹ್ಯಾಮ್ 1975ರಲ್ಲಿ, ಇವಾನ್ಸ್ 1983ರಲ್ಲಿ ಜೀವ ಕಳೆದುಕೊಂಡರು. ಅದು ಗೊತ್ತಾದ ಮೇಲೆ ಆ ಪ್ಲೇಟನ್ನು ನಾನು ಹಾಕುವುದು ಕಡಿಮೆ.

ವೇಲ್ಸಿನದೇ ಇನ್ನೊಂದು ಹಳೇ ಬ್ಯಾಂಡು 'ಮ್ಯಾನ್', ಅದಕ್ಕೆ ಮಾತ್ರ ನನ್ನನ್ನು ಯಾವ ಕವರೂ ಕರೆದುಕೊಂಡು ಹೋಗಲಿಲ್ಲ. ಅದು ಕಾರ್ ಬೂಟ್ ಸೇಲ್‌ನಲ್ಲಿ ಕಾಲಿಗೆ ತೊಡರಿದ್ದು. ಭಾನುವಾರ ಬೆಳಿಗ್ಗೆ ಮೈದಾನದಲ್ಲಿ ಜನ ಕಾರಿನ ಡಿಕ್ಕಿ ತೆಗೆದು ಹಳೇ ಸಾಮಾನು ಮಾರುತ್ತಾರೆ, ಅದೇ ಕಾರ್ ಬೂಟ್ ಸೇಲ್. ಮಾರುವವನು ನನ್ನನ್ನು "ಬಟ್" ಅಂತ ಕರೆದ. ದಕ್ಷಿಣ ವೇಲ್ಸಿನಲ್ಲಿ ಅದು ನಮ್ಮ 'ಗುರು' ಇದ್ದ ಹಾಗೆ. "ತಗೊಂಡ್ಹೋಗು ಬಟ್, ನನ್ನ ಹೆಂಡತಿಗೆ ಇದು ಮನೆಯಲ್ಲಿದ್ದರೆ ಆಗಲ್ಲ" ಅಂತ ಒಂದು ಕಟ್ಟು ಕೊಟ್ಟ. ಅದರಲ್ಲಿ 1972ರ ಎರಡು ಮ್ಯಾನ್ ಆಲ್ಬಮ್‌ಗಳು. ಒಂದು 'ಬಿ ಗುಡ್ ಟು ಯುವರ್‌ಸೆಲ್ಫ್ ಅಟ್ ಲೀಸ್ಟ್ ಒನ್ಸ್ ಎ ಡೇ': ಇಡೀ ಆಲ್ಬಮ್ಮಿಗೆ ನಾಲ್ಕೇ ಹಾಡು. ಇದರ ಹೊದಿಕೆ ಬಿಚ್ಚಿದರೆ ವೇಲ್ಸಿನ ವ್ಯಂಗ್ಯಚಿತ್ರದ ನಕ್ಷೆ ತೆರೆದುಕೊಳ್ಳಬೇಕು. ನನ್ನದನ್ನು ಮನೆಗೆ ತಂದು ಬಿಚ್ಚಿದರೆ ನಕ್ಷೆಯೇ ಇಲ್ಲ, ಯಾರೋ ನೀಟಾಗಿ ಬ್ಲೇಡಿನಲ್ಲಿ ಕೊಯ್ದುಕೊಂಡಿದ್ದಾರೆ. ಯಾವುದೋ ಹಾಸ್ಟೆಲ್ ರೂಮಿನ ಗೋಡೆಯ ಮೇಲೆ ಇದ್ದಿರಬೇಕು. ಅವತ್ತಿನಿಂದ ಪ್ಲೇಟಿಗಿಂತ ಮೊದಲು ಹೊದಿಕೆಯ ಒಳಗೆ ಕೈ ಹಾಕಿ ನೋಡುತ್ತೇನೆ.

ಇನ್ನೊಂದು 'ಲೈವ್ ಅಟ್ ದ ಪ್ಯಾಡ್ಜೆಟ್ ರೂಮ್ಸ್, ಪೆನಾರ್ತ್'. ಪೆನಾರ್ತ್ ನಮ್ಮ ಪಕ್ಕದ ಸಮುದ್ರತೀರದ ಊರು. ಆ ಸಭಾಂಗಣದ ಹೆಸರು ಪ್ಯಾಜೆಟ್ ರೂಮ್ಸ್. ಆಲ್ಬಮ್ಮಿನ ಮೇಲೆ 'ಡಿ' ಅಕ್ಷರ ಒಂದು ಹೆಚ್ಚಿಗೆ ಸೇರಿಕೊಂಡಿದೆ. ಒಂದು ಸಂಜೆ ಹೋಗಿ ನೋಡಿ ಬಂದೆ. ಇಷ್ಟು ಸಣ್ಣ ಹಾಲಿನಲ್ಲಿ ಅಷ್ಟು ಉದ್ದುದ್ದ ಗಿಟಾರ್ ಆಲಾಪನೆ ಮಾಡಿದ್ದರಾ ಅನ್ನಿಸಿತು. ಮ್ಯಾನ್ ಕೇಳುವುದು ಒಂಥರಾ ಕಛೇರಿ ಕೇಳಿದ ಹಾಗೆ, ಮುಗಿಯುವ ಅವಸರವೇ ಇರುವುದಿಲ್ಲ.

ಈ ಪ್ಲೇಟಿನಲ್ಲೇ ನಾನು ದೊಡ್ಡ ತಪ್ಪು ಮಾಡಿದ್ದು. ಅದಕ್ಕೆ ಮೊದಲು ತೊಳೆಯುವುದು ಹೇಗೆ ಅಂತ ಹೇಳಿಬಿಡುತ್ತೇನೆ. ಮೂರು ಭಾಗ ಡಿಸ್ಟಿಲ್ಡ್ ವಾಟರ್, ಒಂದು ಭಾಗ ಐಸೊಪ್ರೊಪೈಲ್ ಆಲ್ಕೊಹಾಲ್, ಮೇಲೆ ಎರಡು ಹನಿ ಫೋಟೊ ಫಿಲ್ಮ್ ತೊಳೆಯುವ ವೆಟಿಂಗ್ ಏಜೆಂಟ್. ಲೇಬಲ್ ಒದ್ದೆಯಾಗದ ಹಾಗೆ ಅದರ ಮೇಲೊಂದು ಡಬ್ಬಿ ಮುಚ್ಚಳ ಒತ್ತಿಡಬೇಕು. ಮೆತ್ತನೆ ಬ್ರಶ್ಶಿನಲ್ಲಿ ಗೆರೆ ತಿರುಗಿದ ಹಾಗೇ ತಿರುಗಿಸಿ ಉಜ್ಜಬೇಕು, ಅಡ್ಡಡ್ಡ ಅಲ್ಲ. ಆಮೇಲೆ ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಇನ್ನೊಂದು ಸಲ. ಆರಿಸುವುದು ಅಡುಗೆಮನೆಯ ತಟ್ಟೆ ಸ್ಟ್ಯಾಂಡಿನಲ್ಲಿ. ಇದನ್ನು ವಿಡಿಯೊ ಕಾಲಿನಲ್ಲಿ ನೋಡಿದ ಮಾವ, ಅವರ ಕಾಲದಲ್ಲಿ ಗ್ರಾಮಫೋನ್ ಇಟ್ಟಿದ್ದವರು, "ಪ್ಲೇಟು ಅಂತ ನಿಜವಾಗಲೂ ತಟ್ಟೆ ಜೊತೆ ಇಟ್ಟಿದ್ದೀಯಲ್ಲೋ!" ಅಂದರು. ಅವರ ಹತ್ತಿರ ಇರುವ 78 ಆರ್‌ಪಿಎಂ ಅರಗಿನ ಪ್ಲೇಟುಗಳಿಗೆ ಮಾತ್ರ ಈ ನೀರು ತಾಗಿಸಬೇಡಿ ಅಂತ ಗಾಬರಿಯಿಂದ ಹೇಳಿದೆ. ಆಲ್ಕೊಹಾಲ್ ಅರಗನ್ನು ಕರಗಿಸಿಬಿಡುತ್ತದೆ.

ತೊಳೆದ ಮೇಲೆ ಕಂಪ್ಯೂಟರಿಗೆ ಇಳಿಸುವುದು. 24 ಬಿಟ್, 96 ಕಿಲೊಹರ್ಟ್ಸ್. ಅತಿ ಜೋರಿನ ಜಾಗ ಮೈನಸ್ 6 ಡೆಸಿಬಲ್ ಹತ್ತಿರ ನಿಲ್ಲುವ ಹಾಗೆ ಮಟ್ಟ ಇಟ್ಟುಕೊಳ್ಳುತ್ತೇನೆ. ಪೆನಾರ್ತ್ ಆಲ್ಬಮ್ಮಿನಲ್ಲಿ ಹಿಂದೆ ಸುಯ್ ಅನ್ನೋ ಸದ್ದು ಜಾಸ್ತಿ ಇತ್ತು. ಆಡಾಸಿಟಿ ಅನ್ನೋ ಸಾಫ್ಟ್‌ವೇರಿನಲ್ಲಿ ಸದ್ದು ತೆಗೆಯುವ ಬಟನ್ ಕಂಡಿತು, ಇಡೀ ಆಲ್ಬಮ್ಮಿನ ಮೇಲೆ ಓಡಿಸಿಬಿಟ್ಟೆ. ಸುಯ್ ಹೋಯಿತು, ಜೊತೆಗೆ ಆ ಸಭಾಂಗಣವೂ ಹೋಯಿತು. ಜನರ ಚಪ್ಪಾಳೆ ನೀರಿನೊಳಗೆ ಗುಳುಗುಳು ಅಂದ ಹಾಗಾಯಿತು, ಸಿಂಬಲ್ ಬಾರಿಸಿದರೆ ಒಗ್ಗರಣೆ ಸಿಡಿದ ಹಾಗೆ. ಮತ್ತೆ ಮೊದಲಿಂದ ಇಳಿಸಿದೆ. ಈಗ ಟಪ್ ಟಪ್ ಅನ್ನುವ ದೊಡ್ಡ ಗೀರುಗಳನ್ನಷ್ಟೇ ಒಂದೊಂದಾಗಿ ಹುಡುಕಿ ತೆಗೆಯುತ್ತೇನೆ. ಒಂದು ಬದಿಗೆ ಒಂದು ಸಂಜೆ ಹಿಡಿಯುತ್ತದೆ.

ಇಲ್ಲಿಯವರೆಗೆ ಎಲ್ಲಾ ಇಂಗ್ಲಿಷ್ ಹಾಡುಗಳು. ವೆಲ್ಷ್ ಭಾಷೆಗೆ ನನ್ನನ್ನು ಎಳೆದದ್ದು ಸೂಪರ್ ಫರಿ ಆನಿಮಲ್ಸ್ ಅನ್ನೋ ಬ್ಯಾಂಡಿನ 'ಮೂಂಗ್'. ಆ ಪದಕ್ಕೆ ಕುದುರೆಯ ಜೂಲು ಅಂತ ಅರ್ಥ. 2000ದಲ್ಲಿ ತಮ್ಮದೇ ರೆಕಾರ್ಡ್ ಕಂಪನಿಯಿಂದ ತಂದ, ಪೂರ್ತಿ ವೆಲ್ಷ್‌ನಲ್ಲಿರುವ ಆಲ್ಬಮ್. ಬ್ರಿಟನ್ನಿನ ಆಲ್ಬಮ್ ಮಾರಾಟದ ಪಟ್ಟಿಯಲ್ಲಿ 11ನೇ ಸ್ಥಾನದವರೆಗೆ ಹೋಯಿತು. ಅದರಲ್ಲಿ 'ಅ ತೈಮ್ಲಾದ್' ಅಂತ ಒಂದು ಹಾಡಿದೆ, 'ಆ ಭಾವನೆ' ಅಂತ. ಅದೂ ಕವರ್! ಮೂಲ ದತ್‌ಬ್ಲಗಿ ಅನ್ನೋ ಬ್ಯಾಂಡಿನದು. ಕಾರ್ಡಿಗನ್‌ನಲ್ಲಿ 1982ರಲ್ಲಿ ಹುಟ್ಟಿ, ಅಗ್ಗದ ಕೀಬೋರ್ಡು, ಡ್ರಮ್ ಮಷಿನ್ ಇಟ್ಟುಕೊಂಡು ಡೇವಿಡ್ ಆರ್. ಎಡ್ವರ್ಡ್ಸ್ ಅವರು ವೆಲ್ಷ್ ಸಮಾಜವನ್ನೇ ಬೈಯುತ್ತಾ ಹಾಡಿದ ಬ್ಯಾಂಡು. 1988ರ 'ವ್ಯೈ' ಅಂದರೆ ಮೊಟ್ಟೆಗಳು, 1990ರದ್ದು 'ಪಿಸ್ಟ್', 1993ರದ್ದು 'ಲಿಬರ್ಟಿನೊ'. ಮಧುರ ಅನ್ನೋ ಮಾತೇ ಇಲ್ಲ. ಭಾಷೆ ಬಾರದವನಿಗೂ ಆ ಸಿಟ್ಟು ನೇರವಾಗಿ ತಲುಪುತ್ತದೆ.

ಹಾಡಿನ ಪದಗಳನ್ನು ನಾನು ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುತ್ತೇನೆ. ವೆಲ್ಷ್‌ನಲ್ಲೂ ಹೆಚ್ಚುಕಡಿಮೆ ಬರೆದ ಹಾಗೇ ಓದುವುದು, ಹಾಗಾಗಿ ಕನ್ನಡ ಸಲೀಸಾಗಿ ಒಗ್ಗುತ್ತದೆ. ಡಬಲ್ ಎಲ್ ಒಂದು ಮಾತ್ರ ಒಗ್ಗಲಿಲ್ಲ. 'ಲ' ಅನ್ನುವ ಜಾಗದಲ್ಲಿ ನಾಲಿಗೆಯಿಟ್ಟು ಪಕ್ಕದಿಂದ ಉಸಿರು ಊದಬೇಕು. ನಮ್ಮ 'ಳ' ಇಲ್ಲಿ ಪ್ರಯೋಜನಕ್ಕೆ ಬರುವುದಿಲ್ಲ. ಸೈನ್ ಅನ್ನೋ ವೆಲ್ಷ್ ರೆಕಾರ್ಡ್ ಕಂಪನಿ 1969ರಲ್ಲಿ ಹೊರತಂದ ಮೊದಲ ಪ್ಲೇಟು ಹ್ಯೂ ಜೋನ್ಸ್ ಅವರ 'ದೂರ್'. ವೆಲ್ಷ್‌ನಲ್ಲಿ ದೂರ್ ಅಂದರೆ ನೀರು. ಲಿವರ್‌ಪೂಲಿಗೆ ನೀರು ಬೇಕು ಅಂತ ಟ್ರವೆರಿನ್ ಕಣಿವೆಗೆ ಅಣೆಕಟ್ಟು ಕಟ್ಟಿ, 1965ರಲ್ಲಿ ಕಾಪೆಲ್ ಕೆಲಿನ್ ಅನ್ನೋ ಹಳ್ಳಿಯನ್ನೇ ಮುಳುಗಿಸಿದ್ದರ ಬಗ್ಗೆ ಬರೆದದ್ದು. ನನ್ನ ಪುಸ್ತಕದಲ್ಲಿ ಅದು ಕನ್ನಡದ 'ದೂರು' ಅಂತಲೇ ಕಾಣಿಸುತ್ತದೆ, ಅದು ತಪ್ಪೂ ಅಲ್ಲ.

ಹುಡುಕುವಾಗ ತಲೆ ಕೆಡಿಸಿದ್ದು ಪದದ ಮೊದಲ ಅಕ್ಷರವೇ ಬದಲಾಗುವ ಚಾಳಿ. ವೇಲ್ಸಿಗೆ 'ಕಮ್ರಿ', ಆದರೆ ಗಡಿಯಲ್ಲಿ ಸ್ವಾಗತದ ಬೋರ್ಡು 'ಕ್ರೊಯ್ಸೊ ಇ ಗಮ್ರಿ'. ಕ ಹೋಗಿ ಗ. ಹಾಗೇ ತ ಹೋಗಿ ದ, ಪ ಹೋಗಿ ಬ. ಪೆನಾರ್ತ್‌ಗೆ ಹೊರಟರೆ 'ಇ ಬೆನಾರ್ತ್'. ಎಲ್ಲೋ ಕೇಳಿದ ಹಾಗಿದೆಯಲ್ಲ ಅಂತ ಒಂದು ವಾರ ಕೊರೆಯುತ್ತಿತ್ತು. ಬಸ್ಸಿನಲ್ಲಿ ಕೂತಾಗ ಹೊಳೆಯಿತು: ಆದೇಶ ಸಂಧಿ! ಮಳೆ ಕಾಲ ಮಳೆಗಾಲ, ಬೆಟ್ಟ ತಾವರೆ ಬೆಟ್ಟದಾವರೆ, ಕಣ್ ಪನಿ ಕಂಬನಿ. ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟರು ಕ ತ ಪ, ಗ ದ ಬ ಅಂತ ಬೆಂಚಿನ ಮೇಲೆ ನಿಲ್ಲಿಸಿ ಹೇಳಿಸಿದ್ದು ಕಾರ್ಡಿಫ್‌ನಲ್ಲಿ ರೆಕಾರ್ಡ್ ಹುಡುಕೋದಕ್ಕೆ ಬೇಕಾಗುತ್ತೆ ಅಂತ ಅವರಿಗೂ ಗೊತ್ತಿರಲಿಕ್ಕಿಲ್ಲ. ನಮ್ಮಲ್ಲಿ ಎರಡು ಪದ ಕೂಡಿ ಒಂದಾದಾಗ ಹೀಗಾಗುತ್ತದೆ, ಅವರಲ್ಲಿ ಹಿಂದಿನ ಪದದ ನೆರಳು ಬಿದ್ದರೂ ಸಾಕು. ಅಲ್ಲಿಂದ ಮುಂದೆ ಮಾರಾಟದ ಪಟ್ಟಿಗಳಲ್ಲಿ ಎರಡೂ ರೂಪ ಹಾಕಿ ಹುಡುಕತೊಡಗಿದೆ. ಗೆರೈಂಟ್ ಜಾರ್ಮನ್ ಅವರು ಜಮೈಕಾದ ರೆಗೆ ಶೈಲಿಯಲ್ಲಿ ಹಾಡಿದ 1978ರ ವೆಲ್ಷ್ ಆಲ್ಬಮ್ 'ಹೆನ್ ವ್ಲಾದ್ ವ ನ್ಹಾದೈ' ಸಿಕ್ಕಿದ್ದು ಹಾಗೆ. 'ನನ್ನ ಪಿತೃಗಳ ಹಳೆಯ ನಾಡು', ಇಲ್ಲಿನ ನಾಡಗೀತೆಯ ಹೆಸರೇ ಅದು. ರೆಗೆ ತಾಳಕ್ಕೆ ನಾಡಗೀತೆಯ ಹೆಸರಿಡುವ ಧೈರ್ಯ ನೋಡಿ.

ಎಡ್ವರ್ಡ್ ಎಚ್. ದಾವಿಸ್ ಬ್ಯಾಂಡಿನ 1974ರ 'ಹೆನ್ ಫೋರ್ದ್ ಗಮ್ರೈಗ್ ಓ ವ್ಯೂ' ಸಿಕ್ಕಿದ್ದೂ ಹೀಗೇ. 'ಹಳೇ ವೆಲ್ಷ್ ಬದುಕಿನ ದಾರಿ' ಅಂತ ಅರ್ಥ. ಯುವಕರು ವೆಲ್ಷ್‌ನಲ್ಲಿ ಜೋರಾಗಿ ರಾಕ್ ಹಾಡಿ ಹಳ್ಳಿಯ ಸಭಾಂಗಣಗಳನ್ನು ತುಂಬಿಸಿದ ಕಾಲದ್ದು. ಪೋಸ್ಟಿನಲ್ಲಿ ಬಂತು, ಗೀರೇ ಇಲ್ಲ. ತೊಳೆದೆ, ಸ್ಟ್ಯಾಂಡಿನಲ್ಲಿ ಜಾಗವಿರಲಿಲ್ಲ, ಕಿಟಕಿ ಕಟ್ಟೆಯ ಮೇಲೆ ಒರಗಿಸಿಟ್ಟು ಊಟಕ್ಕೆ ಕೂತೆ. ಕಾರ್ಡಿಫ್‌ನಲ್ಲಿ ಬಿಸಿಲಿಗೆ ಯಾರು ಹೆದರುತ್ತಾರೆ? 'ಮೂಂಗ್'ನಲ್ಲಿ 'ಅಸ್‌ಬೈದ್ಯೈ ಹೈಲೊಗ್' ಅಂತ ಹಾಡಿದೆ. ಹವಾಮಾನ ವರದಿಯವರು ಹೇಳುವ 'ಆಗಾಗ ಬಿಸಿಲು'. ಅವತ್ತು ಆ 'ಆಗಾಗ' ಬಂತು. ಕಿಟಕಿಯ ಗಾಜಿನ ಹಿಂದೆ, ಸಾರನ್ನ ಮುಗಿಸಿ ಮಜ್ಜಿಗೆಗೆ ಬರುವ ಹೊತ್ತಿಗೆ, ಪ್ಲೇಟು ಹಪ್ಪಳದ ಹಾಗೆ ಒಂದು ಕಡೆ ಎದ್ದು ನಿಂತಿತ್ತು.

ಎರಡು ಗಾಜಿನ ಹಲಗೆಯ ಮಧ್ಯೆ ಇಟ್ಟು, ಮೇಲೆ ಇಡ್ಲಿ ಹಿಟ್ಟಿನ ಗ್ರೈಂಡರಿನ ಕಲ್ಲು ಹೇರಿ ಮೂರು ವಾರ ಬಿಟ್ಟೆ. ಒಲೆಯಲ್ಲಿ ಬಿಸಿ ಮಾಡು ಅಂತ ಸಲಹೆ ಕೊಟ್ಟವರಿದ್ದರು, ಧೈರ್ಯ ಬರಲಿಲ್ಲ. ಮುಕ್ಕಾಲು ಸರಿಹೋಯಿತು. ಸೂಜಿ ಎರಡೂ ಬದಿಯ ಮೊದಲ ಹಾಡಿನಲ್ಲಿ ದೋಣಿಯ ಹಾಗೆ ಏರಿಳಿಯುತ್ತದೆ, ದನಿ ಸ್ವಲ್ಪ ತೊನೆಯುತ್ತದೆ. ಎರಡನೇ ಹಾಡಿನಿಂದ ನೆಟ್ಟಗೆ. ಕಂಪ್ಯೂಟರಿಗೆ ಹಾಗೇ ಇಳಿಸಿದ್ದೇನೆ, ಆ ಎರಡು ಫೈಲುಗಳ ಹೆಸರಿನ ಮುಂದೆ 'ಬಿಸಿಲು' ಅಂತ ಬರೆದಿದ್ದೇನೆ.