ಮನೆಯ ಕೋವಿಗೆ ಕೈ ಹಾಕುವ ಮುನ್ನ

ಕಾಸರಗೋಡು ಜಿಲ್ಲೆಯ ದೇಲಂಪಾಡಿ, ಎಣ್ಮಕಜೆ, ಕಾರಡ್ಕದ ಕಡೆ ಅಡಿಕೆ, ಬಾಳೆ ಬೆಳೆಯುವವರಿಗೆ ಕಾಡುಹಂದಿಯ ಕಾಟ ಹೊಸತಲ್ಲ. ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಒಂಟಿನಳಿಗೆಯ ಕೋವಿ ಇರುವ ಮನೆಗಳೂ ಇಲ್ಲಿವೆ. ಅದರ ಮರದ ಹಿಡಿ ಸಡಿಲವಾದಾಗ ಅಥವಾ ಗುಂಡು ಹಾರಿಸಲು ಬಡಿಯುವ ಭಾಗವಾದ ಕುದುರೆ ಸರಿಯಾಗಿ ಬೀಳದಾಗ, ನಾವೇ ಸರಿಮಾಡಿಕೊಂಡರಾಯಿತು ಎನ್ನಿಸುವುದು ಸಹಜ. ಕೋವಿಯನ್ನು ಮನೆಯಲ್ಲೇ ಜೋಡಿಸುವ ಅಮೆರಿಕದ ವಿಡಿಯೊಗಳು ಆ ಧೈರ್ಯವನ್ನು ಇನ್ನಷ್ಟು ಹೆಚ್ಚಿಸುತ್ತವೆ. ಅಲ್ಲಿನ ಒಕ್ಕೂಟ ಕಾನೂನಿನಲ್ಲಿ ಸ್ವಂತ ಬಳಕೆಯ ಕೋವಿ ತಯಾರಿಸಲು ಸಾಮಾನ್ಯವಾಗಿ ಪರವಾನಗಿ ಬೇಕಿಲ್ಲ. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಅಂಥ ಅವಕಾಶವೇ ಇಲ್ಲ. ಕೋವಿ ಇಟ್ಟುಕೊಳ್ಳುವ ಪರವಾನಗಿ ಬೇರೆ, ಅದನ್ನು ತಯಾರಿಸುವ, ಮಾರ್ಪಡಿಸುವ, ದುರಸ್ತಿ ಮಾಡುವ ಪರವಾನಗಿ ಬೇರೆ.

ಆದ್ದರಿಂದ ಮೊದಲು ಪರವಾನಗಿ ಪುಸ್ತಕವನ್ನು ತೆರೆದು ಓದಬೇಕು. ಕೋವಿಯ ಬಗೆ, ಅದರ ಮೇಲಿನ ಸಂಖ್ಯೆ, ಅವಧಿ ಮುಗಿಯುವ ದಿನ, ಪರವಾನಗಿ ಊರ್ಜಿತವಾಗಿರುವ ಪ್ರದೇಶ ಇವೆಲ್ಲ ಅದರಲ್ಲಿರುತ್ತವೆ. ಗಡಿನಾಡಿನವರಾದ ನಾವು ಕೊನೆಯ ಅಂಶವನ್ನು ವಿಶೇಷವಾಗಿ ಗಮನಿಸಬೇಕು: ಪರವಾನಗಿ ಕೇರಳಕ್ಕೆ ಸೀಮಿತವಾಗಿದ್ದರೆ, ದುರಸ್ತಿಗೆಂದೇ ಆದರೂ ಕೋವಿಯೊಂದಿಗೆ ತಲಪಾಡಿ ದಾಟಿ ಮಂಗಳೂರಿಗೆ ಹೋಗುವಂತಿಲ್ಲ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಕೊಡಗಿನಲ್ಲಿ ಕೋವಿ ಪರವಾನಗಿಯಿಂದ ಇರುವ ವಿನಾಯಿತಿಯನ್ನು ನೆನೆದು ಇಲ್ಲಿಯೂ ಹಾಗೆಯೇ ನಡೆಯುತ್ತದೆ ಎಂದುಕೊಳ್ಳುವುದು ತಪ್ಪು.

ಮುಂದಿನದು, ಯಾವುದನ್ನು ಮುಟ್ಟಬಾರದೆಂದು ತಿಳಿಯುವುದು. ಅದಕ್ಕೆಂದೇ ಪಡೆದ ಪರವಾನಗಿ ಇಲ್ಲದೆ ನಳಿಗೆಯನ್ನು ಕೊಯ್ದು ಗಿಡ್ಡ ಮಾಡುವುದು, ಆಟಿಕೆಯ ಅಥವಾ ಅನುಕರಣೆಯ ಕೋವಿಯನ್ನು ಗುಂಡು ಹಾರುವಂತೆ ಬದಲಿಸುವುದು, ಒಂದು ವರ್ಗದ ಕೋವಿಯನ್ನು ಇನ್ನೊಂದು ವರ್ಗಕ್ಕೆ ತಿರುಗಿಸುವುದು 6ನೇ ಕಲಮಿಗೆ ವಿರುದ್ಧ. ಪರವಾನಗಿ ಇಲ್ಲದೆ ತಯಾರಿಸುವುದು 5ನೇ ಕಲಮಿಗೆ ವಿರುದ್ಧ. 2019ರ ತಿದ್ದುಪಡಿಯ ನಂತರ ಇವುಗಳಿಗೆ ಕನಿಷ್ಠ 7 ವರ್ಷಗಳಿಂದ ಜೀವಾವಧಿಯವರೆಗೆ ಸೆರೆವಾಸವಿದೆ, ಜೊತೆಗೆ ದಂಡವೂ ಇದೆ. ಕೆಲಸ ಮಾಡಿಕೊಟ್ಟ ಕಮ್ಮಾರನೂ ಇದೇ ಕಲಮುಗಳ ಅಡಿಯಲ್ಲಿ ಸಿಕ್ಕಿಬೀಳುತ್ತಾನೆ. ನೆರೆಯವರ ಮುಲಾಜಿಗೆ ಬಿದ್ದು ಒಪ್ಪಿಕೊಂಡ ಬಡ ಕುಶಲಕರ್ಮಿ ಜೈಲು ಕಾಣುವುದು ನನಗೆ ಅತ್ಯಂತ ಅನ್ಯಾಯವಾಗಿ ಕಾಣುತ್ತದೆ. ತುಕ್ಕು ಉಜ್ಜುವಾಗಲೂ ಎಚ್ಚರ ಬೇಕು. ತಯಾರಕರ ಹೆಸರು, ಸಂಖ್ಯೆ ಅಳಿಸಿಹೋದ ಕೋವಿ ಯಾರ ಬಳಿ ಸಿಗುತ್ತದೋ ಅವರೇ ಅಳಿಸಿದ್ದಾರೆಂದು ಕಾನೂನು ಭಾವಿಸುತ್ತದೆ, ಅಲ್ಲವೆಂದು ಸಾಬೀತು ಮಾಡುವ ಹೊಣೆ ಅವರದೇ.

ಜೋಡಣೆಯ ಸಾಮಾನುಗಳಲ್ಲಿ ಹೆಗಲಪಟ್ಟಿ, ಚೀಲ ಮೊದಲಾದವುಗಳಿಂದ ತೊಂದರೆಯಿಲ್ಲ. ಆದರೆ ಸದ್ದು ಅಥವಾ ಬೆಂಕಿಯ ಮಿಂಚನ್ನು ಕಡಿಮೆ ಮಾಡುವ ಸೈಲೆನ್ಸರಿನಂಥ ಸಾಧನವನ್ನು ಕಾಯ್ದೆಯ ವ್ಯಾಖ್ಯೆಯೇ ಬಂದೂಕು ಎಂದು ಪರಿಗಣಿಸುತ್ತದೆ. ಕೋವಿಗೆ ಸಿಕ್ಕಿಸದೆ ಕಪಾಟಿನಲ್ಲಿಟ್ಟಿದ್ದರೂ ಅದು ಅಪರಾಧವೇ. ಏರ್‌ಗನ್ನಿಗೂ ಮಿತಿಯಿದೆ. ನಳಿಗೆಯ ಒಳವ್ಯಾಸ 0.177 ಇಂಚು ಅಥವಾ ಶಕ್ತಿ 20 ಜೂಲ್ ಮೀರಿದರೆ ಪರವಾನಗಿ ಬೇಕು. ಹಾಗಾಗಿ ಸ್ಪ್ರಿಂಗ್ ಬದಲಿಸಿ ಬಲ ಹೆಚ್ಚಿಸಿದ ಏರ್‌ಗನ್ ಆ ಮಿತಿ ದಾಟಿದರೆ ಅದರ ಒಡೆಯ ಪರವಾನಗಿ ಇಲ್ಲದ ಬಂದೂಕಿನ ಒಡೆಯನಾಗುತ್ತಾನೆ.

ದುರಸ್ತಿ ಬೇಕಾದರೆ, ದುರಸ್ತಿಯ ಪರವಾನಗಿಯುಳ್ಳ ಅಂಗಡಿಗೇ ಕೊಡಿ. ಮಾಡಿದ ಕೆಲಸವನ್ನೂ ಕೋವಿಯ ಸಂಖ್ಯೆಯನ್ನೂ ಬರೆದ ರಸೀದಿ ಪಡೆದು ಪರವಾನಗಿಯ ಜೊತೆ ಇಡಿ. ವಯಸ್ಸಾದವರು ಸ್ವತಃ ಹೋಗಲಾಗದಿದ್ದರೆ ಮಗನ ಕೈಯಲ್ಲಿ ಕಳಿಸಬಹುದು, ಆದರೆ ದುರಸ್ತಿಗೆ ಒಯ್ಯುತ್ತಿದ್ದಾನೆಂಬ ಲಿಖಿತ ಅಧಿಕಾರಪತ್ರ ಅವನ ಬಳಿ ಇರಲೇಬೇಕು.

ಅಟ್ಟದಲ್ಲಿ ಅಜ್ಜನ ಕಾಲದ ಕೋವಿ ಸಿಕ್ಕಿದರೆ ಅದನ್ನು ಬಿಚ್ಚಿ ನೋಡುವ ಆಸೆ ಬೇಡ. ಹಳತಾಗಿ, ದುರಸ್ತಿ ಮಾಡಿದರೂ ಬಳಸಲಾಗದ ಆಯುಧಕ್ಕಷ್ಟೇ ಕಾಯ್ದೆಯಲ್ಲಿ ವಿನಾಯಿತಿ. ತುಕ್ಕು ಹಿಡಿದಿದೆ ಎಂಬುದಷ್ಟೇ ಸಾಲದು. ತಡಮಾಡದೆ ಅದನ್ನು ಠಾಣೆಯಲ್ಲಿ ಅಥವಾ ಪರವಾನಗಿಯುಳ್ಳ ವ್ಯಾಪಾರಿಯಲ್ಲಿ ಠೇವಣಿಯಿಟ್ಟು, ವಾರಸುದಾರರಾಗಿ ಪರವಾನಗಿಗೆ ಅರ್ಜಿ ಹಾಕಬೇಕು. ಕೂಡುಕುಟುಂಬದ ಮನೆಯಲ್ಲಿ ಅಕ್ರಮ ಕೋವಿ ಸಿಕ್ಕಿದರೆ, ಅದರ ಇರವು ಗೊತ್ತಿತ್ತೆಂದು ನಂಬಲು ಕಾರಣವಿರುವ ಪ್ರತಿಯೊಬ್ಬರ ಮೇಲೂ ಹೊಣೆ ಬರುತ್ತದೆ.

ಎಲ್ಲಕ್ಕಿಂತ ಭಯಂಕರವಾದದ್ದು ಹಂದಿ ತಾಗಿದೊಡನೆ ಸಿಡಿಯುವಂತೆ ದಾರ ಕಟ್ಟಿ ತೋಟದಲ್ಲಿಡುವ ಕೋವಿ. ಬೆಳಗಿನ ಜಾವ ಹಾಲು ಕೊಂಡೊಯ್ಯುವವರ ಕಾಲಿಗೂ ಆ ದಾರ ಸಿಕ್ಕಬಹುದು. ನಿರ್ಲಕ್ಷ್ಯದಿಂದ ಸಾವು ಸಂಭವಿಸಿತೆಂದು ಸಾಬೀತಾದರೆ ಭಾರತೀಯ ನ್ಯಾಯ ಸಂಹಿತೆಯಡಿ 5 ವರ್ಷಗಳವರೆಗೆ ಸೆರೆವಾಸವಿದೆ, ಪರಿಣಾಮ ತಿಳಿದೇ ಇಟ್ಟದ್ದೆಂದಾದರೆ ಇನ್ನೂ ಹೆಚ್ಚು. ಮೃತರ ಮನೆಯವರು ಸಿವಿಲ್ ನ್ಯಾಯಾಲಯದಲ್ಲಿ ಪರಿಹಾರವನ್ನೂ ಕೇಳಬಹುದು. ಹಂದಿಯ ಕಾಟ ಮಿತಿಮೀರಿದ್ದರೆ ಪಂಚಾಯತಿಗೆ ದೂರು ಬರೆದು ಕೊಡಿ. 2022ರಲ್ಲಿ ಕೇರಳ ಸರಕಾರ ಅಪಾಯಕಾರಿ ಕಾಡುಹಂದಿಗಳನ್ನು ಪರವಾನಗಿ ಕೋವಿಯುಳ್ಳವರಿಂದ ಕೊಲ್ಲಿಸುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳಿಗೆ ನೀಡಿತು. ವಿಷ, ಸ್ಫೋಟಕ, ವಿದ್ಯುತ್ ಬಳಸಲು ಆ ಆದೇಶದಲ್ಲಿ ಅನುಮತಿಯಿಲ್ಲ.