ಲಕ್ವ ಹೊಡೆದ ಮೇಲೆ ಮಾತು ಎಲ್ಲಿ ಕೆಟ್ಟಿದೆ ಎಂದು ಗುರುತಿಸುವ ಬಗೆ

ಮಾತು ಇದ್ದಕ್ಕಿದ್ದಂತೆ ತೊದಲಿದರೆ ಅಥವಾ ನಿಂತರೆ ಮೊದಲು 108ಕ್ಕೆ ಕರೆ ಮಾಡಿ ಆಸ್ಪತ್ರೆ ಸೇರಿಸಬೇಕು; ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ. ಘಟ್ಟದ ಹಳ್ಳಿಗಳಿಂದ ಶಿವಮೊಗ್ಗಕ್ಕೆ ಬರುವಷ್ಟರಲ್ಲೇ ಅದರಲ್ಲಿ ಒಂದಷ್ಟು ಹೊತ್ತು ಕಳೆದುಹೋಗುತ್ತದೆ. ಮುಂದೆ ಹೇಳುವುದು ಅಪಾಯ ಕಳೆದ ನಂತರದ ಮಾತು.

ಮೊದಲು ನಾಲಿಗೆಯ ತೊಂದರೆಯನ್ನೂ ಭಾಷೆಯ ತೊಂದರೆಯನ್ನೂ ಬೇರ್ಪಡಿಸಿ. ಉಚ್ಚಾರ ಮಾತ್ರ ಅಸ್ಪಷ್ಟವಾಗಿದ್ದು, ಪದಗಳು ಸರಿಯಾಗಿದ್ದು, ಹೇಳಿದ್ದು ಅರ್ಥವಾಗುತ್ತಿದ್ದು, ಎಡಗೈಯಲ್ಲಾದರೂ ಬರೆದು ತೋರಿಸಬಲ್ಲರಾದರೆ ಅದು ಡಿಸಾರ್ಥ್ರಿಯಾ, ಅಂದರೆ ಮಾತಾಡುವ ಸ್ನಾಯುಗಳ ದೌರ್ಬಲ್ಯ. ಪದವೇ ತಪ್ಪಿದರೆ, ಸಿಗದಿದ್ದರೆ ಅಥವಾ ಅರ್ಥವಾಗದಿದ್ದರೆ ಅದು ಅಫೇಸಿಯಾ. ಬಹುಪಾಲು ಜನರಲ್ಲಿ ಇದು ಮಿದುಳಿನ ಎಡಭಾಗಕ್ಕೆ ಬಿದ್ದ ಪೆಟ್ಟು.

ಅಫೇಸಿಯಾದಲ್ಲಿ ಹಲವು ಬಗೆಗಳಿವೆ; ಯಾವ ಬಗೆಯಿರಬಹುದೆಂದು ಅಂದಾಜಿಸಲು ಎಲೆ ಅಡಕೆ ತಟ್ಟೆಯೇ ಸಾಕು. ಕನ್ನಡಕ ಹಾಕಿಸಿ, ವೀಳ್ಯದೆಲೆ, ಅಡಕೆ, ಸುಣ್ಣದ ಡಬ್ಬಿ, ಅಡಕತ್ತರಿಗಳನ್ನು ಮೇಲಿಂದ ಕೆಳಗೆ ಸಾಲಾಗಿಡಿ. ಬಲಬದಿಯ ನೋಟವೂ ಮಂಕಾಗಿರಬಹುದಾದ್ದರಿಂದ ಅಡ್ಡಸಾಲು ಬೇಡ. ಕೈಯಿಂದಾಗಲಿ ಕಣ್ಣಿನಿಂದಾಗಲಿ ಸನ್ನೆ ಮಾಡದೆ “ಅಪ್ಪಯ್ಯ, ಸುಣ್ಣದ ಡಬ್ಬಿ ಮುಟ್ಟಿ” ಎನ್ನಿ. ಬಳಿಕ ಒಂದೊಂದನ್ನೂ ತೋರಿಸಿ ಹೆಸರು ಕೇಳಿ. ಕೊನೆಗೆ “ಮಳೆ ಬಂದರೆ ಅಡಕೆ ಒಣಗುವುದಿಲ್ಲ” ಎಂದು ಹೇಳಿ, ಹಾಗೆಯೇ ಹೇಳಿಸಿ. ಮಾತು ಸರಾಗವೋ ತಡೆತಡೆದು ಬರುತ್ತದೆಯೋ ಎಂಬುದನ್ನು ಉದ್ದಕ್ಕೂ ಗಮನಿಸಿ.

ಸರಿಯಾದ ವಸ್ತುವನ್ನೇ ಮುಟ್ಟಿ, ಹೇಳುವಾಗ ಮಾತ್ರ “ತೋಟ... ನೀರು... ನಿನ್ನೆ” ಎಂದು ವಿಭಕ್ತಿ, ಕ್ರಿಯಾಪದಗಳಿಲ್ಲದೆ ತಿಣುಕಿದರೆ, ಅದು 1861ರಲ್ಲಿ ಫ್ರೆಂಚ್ ವೈದ್ಯ ಪಾಲ್ ಬ್ರೋಕಾ ಬೆಳಕಿಗೆ ತಂದ ಬಗೆ. ತಮ್ಮ ಮಾತು ಬರುತ್ತಿಲ್ಲವೆಂದು ಅವರಿಗೆ ಗೊತ್ತಿರುವುದರಿಂದ ಸಿಟ್ಟು, ಅಳು ಬರುವುದು ಸಹಜ. 1874ರಲ್ಲಿ ಜರ್ಮನ್ ವೈದ್ಯ ಕಾರ್ಲ್ ವೆರ್ನಿಕೆ ವಿವರಿಸಿದ್ದು ಇದಕ್ಕೆ ವಿರುದ್ಧ: ಮಾತಿನ ಧಾಟಿ, ಏರಿಳಿತ ಎಲ್ಲವೂ ಮೊದಲಿನಂತೆಯೇ ಇರುತ್ತವೆ, ಆದರೆ ಪದಗಳು ಅದಲುಬದಲಾಗುತ್ತವೆ, ಇಲ್ಲದ ಪದಗಳೂ ಹುಟ್ಟುತ್ತವೆ, ಅಡಕೆ ಮುಟ್ಟಿ ಎಂದರೆ ಎಲೆ ಮುಟ್ಟುತ್ತಾರೆ, ತಪ್ಪಿದ್ದು ಅವರ ಅರಿವಿಗೆ ಬರುವುದಿಲ್ಲ. ಇವರಲ್ಲಿ ಅನೇಕರ ಕೈಕಾಲು ಚೆನ್ನಾಗಿಯೇ ಇರುವುದರಿಂದ ಮನೆಯವರು ಇದನ್ನು ಅರಳುಮರಳು ಎಂದೋ, ಮೈಮೇಲೆ ಏನೋ ಬಂದಿದೆ ಎಂದೋ ತಿಳಿಯುತ್ತಾರೆ. ಅತ್ಯಂತ ಎಚ್ಚರದಿಂದ ಗುರುತಿಸಬೇಕಾದದ್ದು ಈ ಬಗೆಯನ್ನೇ.

ಉಳಿದ ಬಗೆಗಳಲ್ಲಿ ಮುಖ್ಯವಾದವು ಇವು. ಮಾತೂ ತಿಳಿವಳಿಕೆಯೂ ಸುಮಾರಾಗಿ ಸರಿಯಿದ್ದು ವಾಕ್ಯವನ್ನು ಮರಳಿ ಹೇಳಲು ಮಾತ್ರ ಎಡವಿದರೆ ಕಂಡಕ್ಷನ್. ಹೆಸರು ಮಾತ್ರ ಸಿಗದೆ “ಅದೇ, ಅಡಕೆ ಕತ್ತರಿಸೋದು” ಎಂದು ಬಳಸಿ ಹೇಳಿದರೆ ಅನೋಮಿಕ್. ಎಲ್ಲವೂ ತೀವ್ರವಾಗಿ ಕೆಟ್ಟಿದ್ದರೆ ಗ್ಲೋಬಲ್. ವಾರಗಳು ಕಳೆದಂತೆ ಒಂದು ಬಗೆ ಇನ್ನೊಂದಾಗಿ ಬದಲಾಗುವುದುಂಟು. ಆದ್ದರಿಂದ ಕಂಡದ್ದನ್ನು ದಿನಾಂಕದೊಂದಿಗೆ ಬರೆದಿಟ್ಟುಕೊಂಡು ವಾಕ್ ಚಿಕಿತ್ಸಕರಿಗೆ ತೋರಿಸಿ. ಬಗೆಯನ್ನು ನಿರ್ಧರಿಸುವವರು ಅವರೇ.

ಮನೆಮಾತು ಹವ್ಯಕವೋ, ಕೊಂಕಣಿಯೋ, ತುಳುವೋ, ಉರ್ದುವೋ ಆಗಿದ್ದರೆ ಪರೀಕ್ಷೆಯನ್ನು ಆ ಮಾತಿನಲ್ಲೂ ಮಾಡಿ. ಎರಡು ಭಾಷೆ ಬಲ್ಲವರಲ್ಲಿ ಎರಡಕ್ಕೂ ಒಂದೇ ಪ್ರಮಾಣದಲ್ಲಿ ಪೆಟ್ಟು ಬಿದ್ದಿರಬೇಕೆಂದೇನಿಲ್ಲ. ಈ ವಿಷಯವನ್ನು ಚಿಕಿತ್ಸಕರಿಗೆ ಮೊದಲ ಭೇಟಿಯಲ್ಲೇ ತಿಳಿಸಬೇಕು.