ಬಿಸಿಲಿಗೆ ಬಿಳಿಚಿದ ಮಿಯಾಟಾ

ನನ್ನ ಮಜ್ದಾ ಮಿಯಾಟಾ 1995ರ ಮಾಡೆಲ್. 1.8 ಲೀಟರ್ ಎಂಜಿನ್, ಎರಡೇ ಸೀಟು. ಟಾಪ್ ಮಡಚಿ ಓಡಿಸಿದರೇ ಚೆಂದ ಅನಿಸುವ ಕಾರು. ಹಾಗಾಗಿ ಒಳಗಿನ ಪ್ಲಾಸ್ಟಿಕ್ ಮೇಲೆ ನೇರ ಬಿಸಿಲು. ಅದೂ ಅರಿಜೋನಾದ ಫೀನಿಕ್ಸ್ ಬಿಸಿಲು! ಬೇಸಿಗೆಯಲ್ಲಿ 43 ಡಿಗ್ರಿ ಇಲ್ಲಿ ಮಾಮೂಲು.

ನಾನು ಕೊಂಡಾಗಲೇ ಗೇರ್ ಸುತ್ತಲಿನ ಕನ್ಸೋಲ್ ಬೂದಿ ಬಣ್ಣಕ್ಕೆ ತಿರುಗಿತ್ತು. ಬೆರಳಿಂದ ಉಜ್ಜಿದರೆ ಸೀಮೆಸುಣ್ಣದ ಹಾಗೆ ಪುಡಿ ಅಂಟುತ್ತಿತ್ತು. ಅದು ಧೂಳಲ್ಲ. ಬಿಸಿಲಿನ ಅತಿನೇರಳೆ ಕಿರಣಕ್ಕೆ ಪ್ಲಾಸ್ಟಿಕ್‌ನ ಮೇಲ್ಪದರವೇ ಒಡೆದು ಪುಡಿಯಾಗಿರುತ್ತದೆ. ಅದರ ಮೇಲೇ ಪಾಲಿಶ್ ಹಚ್ಚಿದರೆ ಎರಡು ವಾರ ಕಪ್ಪಗೆ ಕಾಣುತ್ತದೆ, ಆಮೇಲೆ ಮತ್ತೆ ಬಿಳಿಚಿಕೊಳ್ಳುತ್ತದೆ. ಸುಮ್ನೆ ದುಡ್ಡು ದಂಡ.

ಹಾಗಾಗಿ ಕನ್ಸೋಲ್ ಬಿಚ್ಚಿ ಹೊಸ ಬಣ್ಣ ಹೊಡೆಯೋಣ ಅಂತ ಫೆಬ್ರವರಿಯಲ್ಲಿ ಕೆಲಸ ಹಿಡಿದೆ. ತೀರಾ ಬಿಸಿ ಇದ್ದರೆ ಸ್ಪ್ರೇ ಬಣ್ಣ ಪ್ಲಾಸ್ಟಿಕ್ ಮೇಲೆ ಕೂರುವ ಮೊದಲೇ ಗಾಳಿಯಲ್ಲಿ ಒಣಗಿ ತರಿತರಿಯಾಗುತ್ತದೆ. ಮೊದಲು ಬ್ಯಾಟರಿ ವೈರ್ ತೆಗೆದೆ. ಈ ಕಾರಿನಲ್ಲಿ ಬ್ಯಾಟರಿ ಹಿಂದೆ ಡಿಕ್ಕಿಯಲ್ಲಿದೆ. ಗೇರ್ ನಾಬ್ ತಿರುಗಿಸಿ ಬಿಚ್ಚಿ, ಸ್ಕ್ರೂಗಳನ್ನು ತೆಗೆದು, ಕನ್ಸೋಲನ್ನು ನಿಧಾನಕ್ಕೆ ಎತ್ತಿದೆ. ಪವರ್ ವಿಂಡೋ ಸ್ವಿಚ್ ಅದರಲ್ಲೇ ಇರುತ್ತದೆ. ಜೋರಾಗಿ ಎಳೆದರೆ ವೈರ್ ಕಿತ್ತು ಬರುತ್ತದೆ, ಜೋಪಾನ.

ಮುಂದಿನದೇ ನಿಜವಾದ ಕೆಲಸ: ತೊಳೆಯುವುದು. ಊರಲ್ಲಿ ಹಳೇ ಸುಣ್ಣ ಕೆರೆಯದೆ ಹೊಸ ಸುಣ್ಣ ಹೊಡೆದರೆ ಮಳೆಗಾಲಕ್ಕೆ ಮುಂಚೆನೇ ಉದುರುತ್ತದೆ, ಅಲ್ವಾ? ಇದೂ ಹಾಗೇ. ನಾನು ಮೊದಲ ಸಲ ಅವಸರ ಮಾಡಿದೆ. ಆಶ್‌ಟ್ರೇ ಮುಚ್ಚಳವನ್ನು ಒಮ್ಮೆ ಸೋಪಿನಿಂದ ತೊಳೆದು, ಒರೆಸಿ, ಬಣ್ಣ ಹೊಡೆದೇಬಿಟ್ಟೆ. ಬಣ್ಣ ಹರಡುವ ಬದಲು ಅಲ್ಲಲ್ಲಿ ಸರಿದು ನಿಂತು, ಸಾಸಿವೆ ಕಾಳಿನಷ್ಟು ಗುಳಿಗಳಾದವು. ಹಿಂದಿನವರು ವರ್ಷಗಟ್ಟಲೆ ಹಾಕಿದ್ದ ಹೊಳಪಿನ ಸ್ಪ್ರೇಯ ಸಿಲಿಕೋನ್ ಇನ್ನೂ ಅಲ್ಲೇ ಕೂತಿತ್ತು. ಉಪ್ಪುಕಾಗದ ಹಾಕಿ ಉಜ್ಜಿ ತೆಗೆಯಬೇಕಾಯಿತು. ಪ್ಲಾಸ್ಟಿಕ್ ಮೇಲಿನ ತೊಗಲಿನಂಥ ಗೆರೆಗಳು ಅಲ್ಲಿ ಸವೆದುಹೋದವು. ಈಗಲೂ ಬೆರಳಾಡಿಸಿದರೆ ಆ ಜಾಗ ನುಣ್ಣಗೆ ಸಿಗುತ್ತದೆ.

ಉಳಿದದ್ದಕ್ಕೆ ಎರಡು ಸಂಜೆ ಬರೀ ತೊಳೆದೆ. ಪಾತ್ರೆ ಸೋಪು, ಬಿಸಿ ನೀರು, ಹಳೇ ಟೂತ್‌ಬ್ರಶ್. ಗೆರೆಗಳ ಒಳಗಿಂದ ಕಂದು ನೀರು ಇಳಿಯುತ್ತಲೇ ಇತ್ತು. ಆಮೇಲೆ ಜಿಡ್ಡು ತೆಗೆಯುವ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿದ್ದು ಮೂರು ಸಲ, ಪ್ರತಿ ಸಲ ಹೊಸ ಬಟ್ಟೆ. ಪರೀಕ್ಷೆ ಸುಲಭ: ನೀರು ಚಿಮುಕಿಸಿ. ಕೆಸುವಿನ ಎಲೆ ಮೇಲಿನ ಹಾಗೆ ಹನಿಯಾಗಿ ನಿಂತರೆ ಜಿಡ್ಡು ಇನ್ನೂ ಇದೆ. ತೆಳ್ಳಗೆ ಹರಡಿದರೆ ಸರಿ.

ಚೆನ್ನಾಗಿ ಒಣಗಿದ ಮೇಲೆ ಅಡ್ಹೀಷನ್ ಪ್ರಮೋಟರ್, ಅಂದರೆ ಬಣ್ಣ ಅಂಟಿಕೊಳ್ಳಲು ಮೊದಲು ಹೊಡೆಯುವ ಸ್ಪ್ರೇ, ಒಂದು ತೆಳು ಕೋಟ್. ಪಾಲಿಪ್ರೊಪಿಲೀನ್ ಅನ್ನುವ ಪ್ಲಾಸ್ಟಿಕ್‌ನ ಭಾಗಗಳಿಗೆ ಇದಿಲ್ಲದೆ ಬಣ್ಣ ಹಿಡಿಯುವುದೇ ಇಲ್ಲ. ಬಣ್ಣಕ್ಕೆ ಸೆಮ್ ಕಂಪನಿಯ ಲ್ಯಾಂಡೌ ಬ್ಲ್ಯಾಕ್ ತಂದೆ. ಜಾಸ್ತಿ ಹೊಳೆಯದ ಕಪ್ಪು. ಒಂದಡಿ ದೂರದಿಂದ, ಕೈ ನಿಲ್ಲಿಸದೆ, ನಾಲ್ಕು ತೆಳು ಕೋಟ್. ಮೊದಲ ಕೋಟ್ ಆದಾಗ ಬೂದಿ ಬಣ್ಣ ಇನ್ನೂ ಇಣುಕುತ್ತಿತ್ತು. "ಅಪ್ಪಾ, ಇನ್ನೂ ಸ್ವಲ್ಪ ಹೊಡಿ" ಅಂದಳು ಮಗಳು. ಹೊಡೆಯಬಾರದು. ಒಂದೇ ಸಲ ದಪ್ಪ ಹೊಡೆದರೆ ಗೆರೆಗಳು ತುಂಬಿ, ಪ್ಲಾಸ್ಟಿಕ್ ಆಟಿಕೆಯ ಹಾಗೆ ಕಾಣುತ್ತದೆ. ಹತ್ತು ನಿಮಿಷ ಕಾದು, ಮುಂದಿನ ಕೋಟ್.

ಏರ್‌ಬ್ಯಾಗ್ ಮುಚ್ಚಳಗಳಿಗೆ ಮಾತ್ರ ಬಣ್ಣ ಮುಟ್ಟಿಸಲಿಲ್ಲ. ಅವು ಬೇಕಾದ ಗಳಿಗೆಯಲ್ಲಿ ಸರಿಯಾಗಿ ಹರಿದು ತೆರೆಯಬೇಕು. ಒದ್ದೆ ಬಟ್ಟೆಯಲ್ಲಿ ಒರೆಸಿ ಬಿಟ್ಟೆ. ಪಕ್ಕದ ಕಪ್ಪಿನ ಎದುರು ಅವು ಸ್ವಲ್ಪ ಮಂಕಾಗಿ ಕಾಣುತ್ತವೆ. ಕಾಣಲಿ.

ಎರಡು ದಿನ ಒಣಗಲು ಬಿಟ್ಟು ಜೋಡಿಸಿದೆ. ಬೇಸಿಗೆ ಒಂದು ಕಳೆದಿದೆ. ಮೊನ್ನೆ ಬಿಳಿ ಬಟ್ಟೆಯಲ್ಲಿ ಕನ್ಸೋಲ್ ಉಜ್ಜಿ ನೋಡಿದೆ, ಬಟ್ಟೆ ಬಿಳಿಯಾಗೇ ಇತ್ತು.